ಬಾದಾಮಿ ಏಟಿಗೆ ಆಜೀವ ಶಿಕ್ಷೆ

ಫುಟ್‌ಬಾಲ್ ರೆಫರಿಗಳಾಗಲು ಹೊರಟ ಇಬ್ಬರು ತರುಣರು ಈಚೆಗೆ ನಮ್ಮ ಮನೆಗೆ ಬಂದಿದ್ದರು. ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು, ಪಾಪ. ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು ಎಂದು ಕೇಳಿದರು. ಒಂದು ದಪ್ಪ ರುಮಾಲು ಬೇಕು ಎಂದೆ. ಬೆವರು ಒರೆಸಿಕೊಳ್ಳುವುದಕ್ಕೆ ತಾನೆ ಎಂದರು. ಅಲ್ಲಪ್ಪ, ತಲೆಗೆ ಸುತ್ತಿಕೊಳ್ಳುವುದಕ್ಕೆ, ಕೆರೆ ಅಂಗಳದ ಒಣಗಿದ ಮಣ್ಣಿನ ಹೆಂಟೆ ಹಣೆಗೆ ಬಿದ್ದರೆ ಎರಡು ಹೋಳಾಗುವುದು ಹೆಂಟೆಯಲ್ಲ ಎಂದೆ. ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅವರು ಹೋದ ಮೇಲೆ, ಇಷ್ಟು ವರ್ಷ ಸೀಟಿ ಊದಿದವನು ಒಂದಿಷ್ಟು ಬರೆದಾದರೂ ಇಡೋಣ ಎನಿಸಿತು.

ನಾನು ಕೋಲಾರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಹುಡುಗರಿಗೆ ಬಗ್ಗುವುದನ್ನೂ ಏಳುವುದನ್ನೂ ಕಲಿಸುವುದು ನನ್ನ ಉದ್ಯೋಗ. ಮೂವತ್ತರ ದಶಕದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೇರಿ ಒಂದು ಫುಟ್‌ಬಾಲ್ ಲೀಗು ಶುರುವಾದಾಗ ನನ್ನನ್ನೇ ರೆಫರಿ ಮಾಡಿದರು. ನನಗೆ ಆಟದ ಜ್ಞಾನ ಇದೆಯೆಂದಲ್ಲ. ಊರಿನಲ್ಲಿ ಸೀಟಿ ಇದ್ದದ್ದು ಪೊಲೀಸರ ಬಳಿ ಮತ್ತು ನನ್ನ ಬಳಿ. ಪೊಲೀಸರಿಗೆ ಬೇರೆ ಕೆಲಸವಿತ್ತು.

ಬೇಸಿಗೆಯಲ್ಲಿ ಕೆರೆಗಳು ಬತ್ತಿದ ಮೇಲೆ ಅಂಗಳದಲ್ಲಿ ಆಟ. ಬಿರುಕು ಬಿಟ್ಟ ನೆಲ, ಬರಿಗಾಲು, ನೆತ್ತಿಯ ಮೇಲೆ ಬಿಸಿಲು. ಹಣಕ್ಕಾಗಿ ಆಡುವವರಿಗೆ ಇಲ್ಲಿ ಅವಕಾಶವಿಲ್ಲ ಎಂಬುದು ಲೀಗಿನ ಮೊದಲನೆಯ ನಿಯಮ. ಎಲ್ಲರೂ ಹಣಕ್ಕಾಗಿಯೇ ಆಡುತ್ತಿದ್ದರು. ಮಾಲೂರಿನ ತಂಡದವರೆಲ್ಲ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಜೋಡಿಸುವವರು ಎಂದು ಲೆಕ್ಕ. ಅವರು ಹೆಂಚು ಮುಟ್ಟಿದ್ದನ್ನು ಕಂಡವರಿಲ್ಲ. ಕೋಲಾರದ ತಂಡದವರು ಮಂಡಿಗಳಲ್ಲಿ ಗುಮಾಸ್ತರು, ಅವರಲ್ಲಿ ಅರ್ಧ ಜನ ಹೆಬ್ಬೆಟ್ಟಿನವರು. ಶ್ರೀನಿವಾಸಪುರದವರು ಒಬ್ಬರೇ ಸಾಹುಕಾರರ ಮಾವಿನ ತೋಪಿಗೆ ಕಾವಲುಗಾರರು. ಇಡೀ ತಂಡ ಕಾವಲಿದ್ದ ಆ ತೋಪಿನಲ್ಲೇ ಹಣ್ಣಿನ ಕಳವು ಹೆಚ್ಚು. ಮುಳಬಾಗಿಲಿನವರು ಮಾತ್ರ ನಿಜವಾಗಿ ದುಡಿದು ತಿನ್ನುವ ಕಸುಬಿನ ಜನ, ಆದ್ದರಿಂದ ಯಾವಾಗಲೂ ತಡವಾಗಿ ಬರುತ್ತಿದ್ದರು.

ಮೊದಲ ವರ್ಷದ ನನ್ನ ಪೆದ್ದುತನವೊಂದನ್ನು ಹೇಳಿಬಿಡುತ್ತೇನೆ. ಮಾಲೂರಿನಲ್ಲಿ ಗೋಲಿಗೆ ಕಂಬ ನೆಡುವ ಬದಲು ಎರಡು ಕಡೆ ಹೆಂಚಿನ ಅಟ್ಟಿ ಇಟ್ಟಿದ್ದರು. ನಾನು ಆಟಕ್ಕೆ ಮುಂಚೆ ಹೆಜ್ಜೆ ಹಾಕಿ ಅಳೆದು ತೃಪ್ತನಾದೆ. ಆಟ ನಡೆದಂತೆ ಅವರ ಗೋಲು ಕಾಯುವವನು, ಚೆಂಡು ಆ ತುದಿಯಲ್ಲಿದ್ದಾಗಲೆಲ್ಲ, ಒಂದೊಂದೇ ಹೆಂಚನ್ನು ಒಳಗೊಳಗೆ ಸರಿಸುತ್ತ ಬಂದಿದ್ದ. ಕೊನೆಗೆ ಎರಡು ಅಟ್ಟಿಗಳ ಮಧ್ಯೆ ಅವನೊಬ್ಬ ಕೈ ಚಾಚಿ ನಿಂತರೆ ಗಾಳಿಗೂ ದಾರಿಯಿಲ್ಲ. ನಾನು ಗದರಿದಾಗ ಕಾರ್ಖಾನೆಯ ಮೇಸ್ತ್ರಿ ಬಂದು ಶಾಂತವಾಗಿ ಹೇಳಿದ:

"ಬಿಸಿಲು ಜಾಸ್ತಿ ಮೇಷ್ಟ್ರೇ. ಬಿಸಿಲಿಗೆ ಎಲ್ಲಾ ಕುಗ್ಗುತ್ತೆ."

ಅಂದಿನಿಂದ ನಾನು ಮಧ್ಯಂತರದಲ್ಲೂ ಅಳೆಯುತ್ತಿದ್ದೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಲೀಗಿನ ಅಧ್ಯಕ್ಷರು ಒಬ್ಬ ನಿವೃತ್ತ ಅಮಲ್ದಾರರು. ಒಳ್ಳೆಯ ಮನುಷ್ಯರು, ಆದರೆ ಜೀವಮಾನವೆಲ್ಲ ಜಮೀನಿನ ತಕರಾರು ಕೇಳಿದವರು. ಆಫ್‌ಸೈಡ್ ಎಂದರೆ ಒಂದು ಬಗೆಯ ಒತ್ತುವರಿ ಎಂದು ಅವರು ಕೊನೆಯವರೆಗೂ ನಂಬಿದ್ದರು. "ಆ ಹುಡುಗ ಅಲ್ಲಿ ಎಷ್ಟು ಹೊತ್ತಿನಿಂದ ಸ್ವಾಧೀನದಲ್ಲಿದ್ದ?" ಎಂದು ನನ್ನನ್ನು ಕೇಳಿದ್ದುಂಟು. ಅವರ ಬಲಗೈ ಮಾಲೂರಿನ ಒಬ್ಬ ವಕೀಲರು. ಇವರಿಬ್ಬರ ಜೊತೆ ಸಮಿತಿಯಲ್ಲಿ ಮೂರನೆಯವರೆಂದರೆ ಶ್ರೀನಿವಾಸಪುರದ ತೋಪಿನ ಸಾಹುಕಾರರು. ಶೀಲ್ಡು ಕೊಡಿಸಿದವರು ಅವರು, ಚೆಂಡು ತರಿಸಿದವರು ಅವರು, ಸಭೆಗೆ ಕಾಫಿ ಕಳಿಸುತ್ತಿದ್ದವರೂ ಅವರೇ. ನ್ಯಾಯ ಅವರ ಕಾಫಿಯಷ್ಟೇ ಬೆಚ್ಚಗಿರುತ್ತಿತ್ತು.

ಆಟದ ರೀತಿ ಬದಲಾದದ್ದು ಬೂಟು ಬಂದ ಮೇಲೆ. ಸಾಹುಕಾರರು ಬೆಂಗಳೂರಿನಿಂದ ಒಂದು ಜೊತೆ ತರಿಸಿದರು. ಒಂದೇ ಜೊತೆ, ತಂಡಕ್ಕೆಲ್ಲ. ಬಲಗಾಲಿನದನ್ನು ಹಿಂದೆ ನಿಂತು ತಡೆಯುವ ಬಲಗಡೆಯ ಬ್ಯಾಕ್ ಮುನಿವೆಂಕಟನಿಗೂ ಎಡಗಾಲಿನದನ್ನು ಎಡಗಡೆಯ ಬ್ಯಾಕಿಗೂ ಹಂಚಿದರು. ಉಳಿದವರು ಬರಿಗಾಲು. ಒಂದೇ ಕಾಲಿಗೆ ಬೂಟು ಹಾಕಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲ ಎಂದು ವಕೀಲರು ಅಭಿಪ್ರಾಯ ಕೊಟ್ಟರು. ಚೆಂಡು ಒದೆಯಲು ಬೂಟು ಬೇಕಾದರೆ ಮುಂದೆ ಆಡುವವರಿಗಲ್ಲವೆ ಕೊಡಬೇಕಾದದ್ದು ಎಂದು ನಾನು ಕೇಳಿದೆ. ಸಾಹುಕಾರರು ನಗುತ್ತ, "ನೀವು ಬರೀ ಸೀಟಿ ಊದಿ ಮೇಷ್ಟ್ರೇ" ಎಂದರು.

ಅದರ ಗುಟ್ಟು ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಕಡೆಯಲ್ಲಿ ಗೊತ್ತಾಯಿತು. ಲೀಗಿನ ಕಾಲ ಅಂದರೆ ಮಾವಿನ ಕಾಲ. ಸಾಹುಕಾರರು ತಂಡದ ಜೊತೆ ಗಾಡಿಯಲ್ಲಿ ಮಂಕರಿಗಟ್ಟಲೆ ಹಣ್ಣು ತರುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಎದುರಾಳಿ ಕುಂಟಿದರೆ ಒದ್ದವನಿಗೆ ಒಂದು ಮಂಕರಿ ತೋತಾಪುರಿ. ಆಟ ಬಿಟ್ಟು ಕೂತರೆ ರಸಪುರಿ. ನಾಲ್ಕು ಜನ ಎತ್ತಿಕೊಂಡು ಹೋಗಬೇಕಾದರೆ ಬಾದಾಮಿ. ಕೆರೆ ಏರಿಯ ಮೇಲೆ ಕೂತ ಜನ ಯಾರಾದರೂ ಬಿದ್ದ ಕೂಡಲೇ ಅದು ಯಾವ ಹಣ್ಣಿನ ಏಟು ಎಂದು ತೀರ್ಪು ಕೊಟ್ಟುಕೊಳ್ಳುತ್ತಿದ್ದರು. "ಏ, ಅದು ಬರೀ ತೋತಾಪುರಿ ಕಣೋ, ಎದ್ದು ನಿಂತ ನೋಡು" ಎಂದು ಒಬ್ಬ ಅಂದರೆ, "ಇನ್ನೊಂಚೂರು ಇರ್ಲಾ, ಕೂತ್ಕೊಂತಾನೆ, ರಸಪುರಿ ಆಗ್ತದೆ" ಎಂದು ಇನ್ನೊಬ್ಬ. ಅವರ ತೀರ್ಪುಗಳು ಸಮಿತಿಯ ತೀರ್ಪುಗಳಿಗಿಂತ ನ್ಯಾಯವಾಗಿರುತ್ತಿದ್ದವು, ಬೇಗವೂ ಆಗುತ್ತಿದ್ದವು.

ಮುನಿವೆಂಕಟನನ್ನು ಕೆಟ್ಟವನೆನ್ನಲು ನನಗೆ ಬಾಯಿ ಬರುವುದಿಲ್ಲ. ಎತ್ತರದ ಆಳು, ಮಾತು ಕಡಿಮೆ. ಬೂಟು ಬರುವ ಮುಂಚೆ ಅವನಷ್ಟು ಶುದ್ಧವಾಗಿ ಚೆಂಡು ಕಸಿಯುವವನು ನಾಲ್ಕೂರಲ್ಲಿ ಇರಲಿಲ್ಲ. ಅವನಿಗೆ ಜಮೀನಿಲ್ಲ. ಮುದಿ ತಾಯಿ ಒಬ್ಬಳು. ತೋಪಿನ ಅಂಚಿನ ಗುಡಿಸಲೂ ಸಾಹುಕಾರರದು, ತಿಂಗಳ ರಾಗಿಯೂ ಸಾಹುಕಾರರದು. ಆಟ ಹೋದರೆ ಗುಡಿಸಲು ಹೋಯಿತು, ರಾಗಿ ಹೋಯಿತು. ಇಷ್ಟನ್ನು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆ ವರ್ಷ ಕೊನೆಯ ಪಂದ್ಯ ಮುಳಬಾಗಿಲಿನಲ್ಲಿ, ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ. ಗೆದ್ದವರಿಗೆ ಶೀಲ್ಡು. ಮುಳಬಾಗಿಲಿನ ಕಡೆ ಗೌಸ್ ಎಂಬ ಹುಡುಗನಿದ್ದ. ಬಂಡಿಯ ಚಕ್ರ ಮಾಡುವ ಮನೆಯವನು. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ನಾನು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ನೋಡುತ್ತ ನಿಂತುಬಿಡುತ್ತಿದ್ದೆ. ರೆಫರಿಯಾದವನು ಹಾಗೆ ಮಾಡಬಾರದು, ಆದರೆ ಮಾಡುತ್ತಿದ್ದೆ. ಮೊದಲರ್ಧದಲ್ಲಿ ಅವನು ಮುನಿವೆಂಕಟನನ್ನು ಮತ್ತೆ ಮತ್ತೆ ದಾಟಿ ಹೋಗಿ ಒಂದು ಗೋಲು ಹೊಡೆದ. ಮುನಿವೆಂಕಟ ಅವನ ಬೆನ್ನು ತಟ್ಟಿ ನಕ್ಕಿದ್ದನ್ನು ನಾನು ಕಂಡೆ. ಸಾಹುಕಾರರೂ ಕಂಡರು.

ಮಧ್ಯಂತರದಲ್ಲಿ ಗಾಡಿಯಿಂದ ಒಂದು ಮಂಕರಿ ಇಳಿಯಿತು. ಬಾದಾಮಿ. ಅದನ್ನು ಮುನಿವೆಂಕಟನಿಗೆ ಕಾಣುವಂತೆ ಗೋಲುಕಂಬದ ಪಕ್ಕದಲ್ಲೇ ಇಟ್ಟರು. ಸಾಹುಕಾರರು ತಮ್ಮ ಮೇಲುವಸ್ತ್ರದಿಂದ ಹಣ್ಣಿನ ಮೇಲಿನ ಧೂಳು ಒರೆಸಿ, ಹೋಗಿ ಕುರ್ಚಿಯಲ್ಲಿ ಕೂತರು.

ಗೌಸ್ ಮತ್ತೆ ಚೆಂಡು ತಂದ. ಮುನಿವೆಂಕಟ ಮುಂದೆ ಬಂದ. ಚೆಂಡು ಬಲಕ್ಕೆ ಹೋಯಿತು, ಬೂಟು ಎಡಕ್ಕೆ ಹೋಯಿತು. ಮಂಡಿಯಲ್ಲಿ ಏನೋ ಲಟಕ್ಕೆಂದದ್ದು ನನಗೆ ಅಷ್ಟು ದೂರಕ್ಕೆ ಕೇಳಿಸಿತು. ಸೀಟಿ ಊದಿ ಮೈದಾನದ ಹೊರಗೆ ಕೈ ತೋರಿದೆ. ಮುನಿವೆಂಕಟ ಹೊರಗೂ ಹೋಗಲಿಲ್ಲ, ಮಂಕರಿಯ ಕಡೆಗೂ ಹೋಗಲಿಲ್ಲ. ಗೌಸ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ನಾನು ರುಮಾಲು ಬಿಗಿದುಕೊಂಡು ಹೋಗಿ ಮಂಕರಿಯನ್ನು ಸಾಕ್ಷಿಗೆಂದು ವಶಪಡಿಸಿಕೊಂಡೆ. ಹೆಂಟೆಗಳು ಬಿದ್ದವು, ಆದರೆ ಯಾವ ಕಡೆಯವರದೆಂದು ಹೇಳುವಂತಿರಲಿಲ್ಲ.

ವಿಚಾರಣೆ ಕೋಲಾರದಲ್ಲಿ, ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ನಡೆಯಿತು. ಮಂಕರಿಯನ್ನು ಮೇಜಿನ ಮೇಲಿಟ್ಟು ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಧ್ಯಕ್ಷರು ಕನ್ನಡಕ ಏರಿಸಿ ಹಣ್ಣುಗಳನ್ನು ಬಹಳ ಹೊತ್ತು ಪರಿಶೀಲಿಸಿದರು. ಅಷ್ಟರಲ್ಲಿ ವಕೀಲರಿಗೆ ಕೋರ್ಟಿನ ಹೊತ್ತಾಯಿತು. ವಿಚಾರಣೆ ಮುಂದಕ್ಕೆ ಹೋಯಿತು. ಸಾಕ್ಷ್ಯ ಅಧ್ಯಕ್ಷರ ಸುಪರ್ದಿನಲ್ಲೇ ಉಳಿಯಿತು.

ಬಾದಾಮಿ ಹಣ್ಣಿಗೆ ಮುಂದಿನ ತಾರೀಖು ಗೊತ್ತಾಗುವುದಿಲ್ಲ. ಎರಡನೆಯ ಸಲ ನಾವು ಸೇರಿದಾಗ ಪಡಸಾಲೆಯೆಲ್ಲ ಘಮಘಮ ಎನ್ನುತ್ತಿತ್ತು, ಮೇಜಿನ ಮೇಲೆ ಖಾಲಿ ಮಂಕರಿ ಇತ್ತು, ಅದರೊಳಗೆ ತೊಳೆದು ಒಣಗಿಸಿದ ಓಟೆಗಳಿದ್ದವು. ನಾನು ಕೇಳುವ ಮೊದಲೇ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು.

"ಕೊಳೀತಿತ್ತು ಮೇಷ್ಟ್ರೇ. ಸಾಕ್ಷ್ಯ ಕೊಳೆತರೆ ಸಮಿತಿಗೆ ಅವಮಾನ. ಅದಕ್ಕೇ ಮನೇಲಿ... ಓಟೆ ಒಂದೂ ಬಿಸಾಕಿಲ್ಲ, ನೋಡಿ."

ವಕೀಲರು ಆ ಓಟೆಯನ್ನೇ ಹಿಡಿದುಕೊಂಡರು. ಓಟೆ ನೋಡಿ ಇದು ಇಂಥವರ ತೋಪಿನದೆಂದು ಹೇಳಲು ಬರುತ್ತದೆಯೆ? ಬಹುಮಾನದ ಹಣ್ಣೆಂದು ಅದರ ಮೇಲೆ ಬರೆದಿದೆಯೆ? ಹಣ್ಣು ಕೊಡುವುದು ನಮ್ಮ ನಾಡಿನ ಸಂಪ್ರದಾಯವಲ್ಲವೆ? ಸಾಹುಕಾರರು ಪಕ್ಕದ ಕುರ್ಚಿಯಲ್ಲಿ ಕೂತು, ಸಮಿತಿಯ ಸದಸ್ಯರಾಗಿ, ತಮ್ಮ ಮೇಲಿನ ಆರೋಪವನ್ನು ತಾವೇ ಗಂಭೀರವಾಗಿ ಕೇಳುತ್ತಿದ್ದರು. ನಡುನಡುವೆ ತಲೆದೂಗುತ್ತಲೂ ಇದ್ದರು.

ಮುನಿವೆಂಕಟನನ್ನು ಕರೆಸಿದರು. ಅವನು ಬಾಗಿಲ ಬಳಿಯೇ ನಿಂತ. ಬೂಟನ್ನು ಕೈಯಲ್ಲಿ ಹಿಡಿದಿದ್ದ.

"ನೀನು ಒದ್ದದ್ದು ನಿಜವೋ?" ಎಂದರು ಅಧ್ಯಕ್ಷರು.

"ನಿಜ ಸಾಮಿ."

"ಯಾರಾದರೂ ಹೇಳಿಕೊಟ್ಟರೋ?"

ಮುನಿವೆಂಕಟ ಸಾಹುಕಾರರ ಕಡೆ ನೋಡಲಿಲ್ಲ. "ನಾನು ತೋಪಿನ ಕಾವಲೋನು ಸಾಮಿ. ಯಾರ ತೋಪು ಅಂತ ನೀವೇ ನೋಡ್ಕೊಳಿ" ಎಂದ.

ಇದು ಉತ್ತರವಲ್ಲ ಎಂದು ವಕೀಲರು ತಳ್ಳಿಹಾಕಿದರು. ನನಗೆ ಅದಕ್ಕಿಂತ ಪೂರ್ತಿಯಾದ ಉತ್ತರ ಗೊತ್ತಿಲ್ಲ.

ತೀರ್ಪು ಬಂತು. ಮುನಿವೆಂಕಟ ಜೀವ ಇರುವವರೆಗೆ ಲೀಗಿನಲ್ಲಿ ಆಡಕೂಡದು. ಸಾಹುಕಾರರು ನಡೆದದ್ದಕ್ಕೆ ವಿಷಾದ ಪಟ್ಟಿದ್ದಾರಾದ್ದರಿಂದ ಅವರ ವಿಷಯ ಅಲ್ಲಿಗೆ ಮುಗಿಯಿತು. ವಿಷಾದ ಪಡುವಷ್ಟು ದೊಡ್ಡ ಮನಸ್ಸಿನವರೆಂದು ಅವರನ್ನು ಉಪಾಧ್ಯಕ್ಷರನ್ನಾಗಿ ಆರಿಸಲಾಯಿತು. ಹಣ್ಣು ಕೊಟ್ಟವರಿಗೆ ಮಾಲೆ, ತೆಗೆದುಕೊಳ್ಳಬೇಕಾದವನಿಗೆ ಶಿಕ್ಷೆ, ಇದು ಯಾವ ಲೆಕ್ಕ ಎಂದು ನಾನು ಬಾಯಿಬಿಟ್ಟು ಕೇಳಿದೆ. ವಕೀಲರು ಬಹಳ ತಾಳ್ಮೆಯಿಂದ ವಿವರಿಸಿದರು. ಕೊಡುವುದು ದಾನ, ತೆಗೆದುಕೊಳ್ಳುವುದು ಲಂಚ. ದಾನವನ್ನು ಶಿಕ್ಷಿಸಿದರೆ ನಾಳೆ ಲೀಗಿಗೆ ಚೆಂಡು ಯಾರು ಕೊಡುತ್ತಾರೆ? ಮುನಿವೆಂಕಟ ಆ ಹಣ್ಣನ್ನು ಮುಟ್ಟಿಯೇ ಇಲ್ಲವಲ್ಲ, ತಿಂದವರು ಬೇರೆಯವರಲ್ಲವೆ ಎಂದೆ. ಆಗ ಎಲ್ಲರೂ ಓಟೆಗಳ ಕಡೆ ನೋಡಿದರು, ಕಾಫಿ ಬಂತು.

ಗೌಸ್‌ನನ್ನು ಅವನ ಕಡೆಯವರು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು. ನೊಂದವನಿಗೂ ತೀರ್ಪು ತಿಳಿಸುವುದು ಧರ್ಮವೆಂದು ಅಧ್ಯಕ್ಷರು ತಾವೇ ಗಾಡಿಯ ಬಳಿಗೆ ಹೋಗಿ, "ಸಮಾಧಾನ ಆಯ್ತೇನಪ್ಪ?" ಎಂದರು.

"ಒದ್ದೋನಿಗೆ ಶಿಕ್ಷೆ ಆಯ್ತು ಸಾಬ್" ಎಂದ ಗೌಸ್. "ಒದೆಸಿದೋರಿಗೆ?"

"ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲಪ್ಪ."

"ಹಂಗಾದ್ರೆ ಅವನ್ನೂ ಬಿಟ್ಬಿಡಿ. ನನ್ ಕಾಲು ಹೋಗಿದ್ದು ಸಾಲ್ದಾ?"

ಅಧ್ಯಕ್ಷರು ಒಳಗೆ ಬಂದು, ಹುಡುಗನಿಗೆ ಜ್ವರ ಇರುವ ಹಾಗಿದೆ, ಏನೇನೋ ಮಾತಾಡುತ್ತಿದ್ದಾನೆ ಎಂದರು. ನನಗೆ ಅಂದು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ವಾರ ಕಳೆಯುವುದರೊಳಗೆ ಸಾಹುಕಾರರು ಮುನಿವೆಂಕಟನನ್ನು ಕೆಲಸದಿಂದ ಬಿಡಿಸಿದರು. ಲೀಗಿನ ಉಪಾಧ್ಯಕ್ಷರ ತೋಪಿನಲ್ಲಿ ಲೀಗಿನ ಶಿಕ್ಷೆಗೆ ಗುರಿಯಾದವನು ಇರುವುದು ಸರಿಯಲ್ಲವಂತೆ. ಗುಡಿಸಲು ಖಾಲಿ ಮಾಡಿಸಿದರು, ಬೂಟನ್ನೂ ವಾಪಸು ತೆಗೆದುಕೊಂಡರು. ಸಾಹುಕಾರರ ಕೋಪಕ್ಕೆ ಹೆದರಿ ಶ್ರೀನಿವಾಸಪುರದಲ್ಲಿ ಬೇರೆ ಯಾರೂ ಅವನಿಗೆ ಕೂಲಿ ಕೊಡಲಿಲ್ಲ. ತಾಯಿಯನ್ನು ಕರೆದುಕೊಂಡು ಎಲ್ಲಿಗೋ ಹೋದ ಎಂದರು.

ಇತ್ತ ಲೀಗು ಸುಧಾರಣೆಯಾಯಿತು. ಆಟಗಾರರಿಗೆ ಮೈದಾನದಲ್ಲಿ ಯಾವ ಹಣ್ಣನ್ನೂ ಕೊಡಕೂಡದು ಎಂದು ಹೊಸ ನಿಯಮ ಬಂತು. ಮಂಡಿಸಿದವರು ಸಾಹುಕಾರರೇ. ಮುಂದಿನ ಬೇಸಿಗೆಗೆ ಅವರು ಕೋಳಿ ತಂದರು. ಪಾದಕ್ಕೆ ಒದ್ದರೆ ಯಾಟೆ ಕೋಳಿ, ಮಂಡಿಗೆ ಒದ್ದರೆ ಹುಂಜ. ಸಾಕ್ಷಿಗೆಂದು ನಾನು ವಶಪಡಿಸಿಕೊಂಡ ಹುಂಜ ವಿಚಾರಣೆಯ ದಿನ ಮೇಜಿನ ಮೇಲಿಂದ ಹಾರಿ ಅಧ್ಯಕ್ಷರ ಬಾವಿಕಟ್ಟೆಯ ಮೇಲೆ ಕೂತಿತು. ಶುದ್ಧ ಸಸ್ಯಾಹಾರಿಗಳಾದ ಅಧ್ಯಕ್ಷರಿಗೆ ಆ ಸಲ ಮಾತ್ರ ಅಪರಾಧದ ಗಾಂಭೀರ್ಯ ಚೆನ್ನಾಗಿ ಮನಸ್ಸಿಗೆ ಹತ್ತಿತು. ಸಾಹುಕಾರರಿಗೆ ಎಚ್ಚರಿಕೆ ಕೊಟ್ಟರು, ಒದ್ದವನಿಗೆ ಆಜೀವ ಶಿಕ್ಷೆ. ಹೀಗೆ ಮುಂದುವರಿದರೆ ಆಡಲು ಜನವೇ ಉಳಿಯುವುದಿಲ್ಲ ಎಂದು ನಾನೆಂದೆ. ಆದದ್ದೂ ಹಾಗೆಯೇ.

ಯುದ್ಧ ಶುರುವಾದ ಹೊಸತರಲ್ಲಿ ಚಿನ್ನದ ಗಣಿಯ ಕಡೆಯ ಒಂದು ತಂಡ ನಮ್ಮ ನಾಲ್ಕೂರಿನ ಒಟ್ಟು ತಂಡದ ಜೊತೆ ಆಡಲು ಒಪ್ಪಿತು. ಅವರು ಹನ್ನೊಂದು ಜನಕ್ಕೂ ಬೂಟು, ಎರಡೂ ಕಾಲಿಗೆ. ದೊಡ್ಡ ದೊಡ್ಡ ಸಾಹೇಬರು ನೋಡಲು ಬರುವವರು. ಸಾಹುಕಾರರಿಗೆ ಆ ಸಾಹೇಬರ ಜೊತೆ ಮರದ ದಿಮ್ಮಿಯ ಗುತ್ತಿಗೆಯ ಮಾತು ಆಡುವುದಿತ್ತು. ಗೆಲ್ಲಲೇಬೇಕು, ಆದರೆ ತಂಡದಲ್ಲಿ ಒಬ್ಬನೂ ನೆಟ್ಟಗಿನ ಬ್ಯಾಕ್ ಇಲ್ಲ. ಇದ್ದವರೆಲ್ಲ ಆಜೀವ ಶಿಕ್ಷೆಯಲ್ಲಿ. ಸಮಿತಿ ತುರ್ತಾಗಿ ಸೇರಿತು. ಮುನಿವೆಂಕಟನ ಶಿಕ್ಷೆಯನ್ನು ಮಾನವೀಯ ದೃಷ್ಟಿಯಿಂದ ರದ್ದು ಮಾಡಲಾಯಿತು. ಮಾನವೀಯ ಎಂಬ ಮಾತನ್ನು ಸೇರಿಸಿದವರು ವಕೀಲರು. ಕೆಲಸ, ಗುಡಿಸಲು, ರಾಗಿ ಎಲ್ಲ ವಾಪಸು ಕೊಡುವುದಾಗಿ ಸಾಹುಕಾರರು ಒಪ್ಪಿದರು. ಅವನನ್ನು ಹುಡುಕಿ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸಂತೋಷದಿಂದಲೇ ಹೊರಟೆ. ಯಾವ ಕಾರಣಕ್ಕಾದರೂ ಆಗಲಿ, ಒಬ್ಬನ ಅನ್ನ ಅವನಿಗೆ ಸಿಗುತ್ತದಲ್ಲ ಎಂಬುದು ನನ್ನ ಸಮಾಧಾನ.

ತಾಯಲೂರಿನ ಕಡೆ ವಿಚಾರಿಸಿದೆ, ಅಲ್ಲಿಲ್ಲ. ಮುಳಬಾಗಿಲಿನಲ್ಲಿದ್ದಾನೆ ಎಂದು ಯಾರೋ ಹೇಳಿದರು. ಹೋದೆ. ಗೌಸ್‌ನ ಮನೆಯ ಮುಂದೆ ಬೆರಣಿಯ ಬೆಂಕಿ ಉರಿಯುತ್ತಿತ್ತು. ಬಂಡಿ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿ ಅದರಲ್ಲಿ ಕೆಂಪಗೆ ಕಾದಿತ್ತು. ಗೌಸ್ ಒಂದು ಕಾಲು ನೀಡಿಕೊಂಡು ಮಣೆಯ ಮೇಲೆ ಕೂತು ಎಲ್ಲಿ ಹೊಡೆಯಬೇಕೆಂದು ಕೋಲಿನಿಂದ ತೋರಿಸುತ್ತಿದ್ದ. ತೋರಿಸಿದ ಕಡೆ ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಿದ್ದವನು ಮುನಿವೆಂಕಟ. ಅವನ ತಾಯಿ ಮತ್ತು ಗೌಸ್‌ನ ತಾಯಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ತೆಲುಗಿನಲ್ಲಿ ಯಾರನ್ನೋ ಬೈಯುತ್ತಿದ್ದರು.

ಚಕ್ರಕ್ಕೆ ನೀರು ಹೊಯ್ದು ಪಟ್ಟಿ ಕೂತ ಮೇಲೆ ಮುನಿವೆಂಕಟ ಬೆವರು ಒರೆಸಿಕೊಂಡು ನನ್ನ ಬಳಿ ಬಂದ.

"ನೀನು ಇಲ್ಲಿಗೆ ಹೇಗಪ್ಪ ಬಂದೆ?" ಎಂದೆ.

ಉತ್ತರ ಕೊಟ್ಟವನು ಗೌಸ್. "ಒಂದಿನ ಬಂದು ಬಾಗ್ಲಲ್ಲಿ ನಿಂತ್ಬಿಟ್ಟ ಮೇಷ್ಟ್ರೇ. ಅಮ್ಮ ಪೊರಕೆ ತಗೊಂಡ್ರು. ಹೊಡಿಸ್ಕೊಂಡ. ಹೋಗಲ್ಲ ಅಂದ. ನಂಗೆ ನಿಂತು ಸುತ್ತಿಗೆ ಎತ್ತಕ್ಕಾಗಲ್ಲ. ಹಂಗಾದ್ರೆ ಎತ್ತು ಅಂದೆ."

ನಾನು ಸಮಿತಿಯ ಸುದ್ದಿಯನ್ನು ಹೇಳಿದೆ. ಶಿಕ್ಷೆ ರದ್ದಾಯಿತು, ಗುಡಿಸಲು ಕೊಡುತ್ತಾರೆ, ರಾಗಿ ಕೊಡುತ್ತಾರೆ, ಈ ಸಲ ಎರಡು ಕಾಲಿಗೂ ಬೂಟು ಕೊಡುತ್ತಾರೆ ಎಂದೆ. ಗೌಸ್ ತಲೆ ತಗ್ಗಿಸಿ ಕೋಲಿನಿಂದ ಬೂದಿ ಕೆದಕಿದ. "ಹೋಗೋ, ಹೋಗಿ ಆಡು" ಎಂದ, ಮುಖ ಎತ್ತದೆ.

ಮುನಿವೆಂಕಟ ಮುಂದಿನ ಪಟ್ಟಿಯನ್ನು ಇಕ್ಕಳದಿಂದ ಹಿಡಿದು ಬೆಂಕಿಗಿಟ್ಟ. "ಗೌಸ್ ಭಾಯಿ ಇನ್ನೂ ಓಡ್ತಾ ಇಲ್ಲ ಕದಾ ಮೇಷ್ಟ್ರೇ" ಎಂದ. "ಓಡಿದ ದಿನ ಬರ್ತೀನಿ ಅಂತ ಹೇಳಿ."

ಕೋಲಾರಕ್ಕೆ ಹಿಂತಿರುಗಿ, ಆಟಗಾರ ಇನ್ನೂ ಶಿಕ್ಷೆಯಲ್ಲಿದ್ದಾನೆ, ಬರಲಾರ ಎಂದು ಸಮಿತಿಗೆ ಹೇಳಿದೆ.

"ರದ್ದು ಮಾಡಿದೀವಲ್ರೀ?" ಎಂದರು ಅಧ್ಯಕ್ಷರು.

"ನೀವು ಕೊಟ್ಟದ್ದನ್ನು ರದ್ದು ಮಾಡಿದ್ದೀರಿ ಸ್ವಾಮಿ" ಎಂದೆ.

ಗಣಿಯವರು ನಮ್ಮನ್ನು ಸೋಲಿಸಿದರು, ಸಾಹುಕಾರರಿಗೆ ಗುತ್ತಿಗೆ ಹೇಗೋ ಸಿಕ್ಕಿತು. ಗೌಸ್‌ನ ಮಂಡಿ ಮತ್ತೆ ಸರಿಯಾಗಿ ಮಡಿಸಲಿಲ್ಲ. ನಾನು ನಿವೃತ್ತನಾದ ವರ್ಷ ಮುಳಬಾಗಿಲಿನ ಆ ಬೀದಿಯಲ್ಲಿ ಹಾದುಹೋದಾಗಲೂ ಸುತ್ತಿಗೆ ಮುನಿವೆಂಕಟನ ಕೈಯಲ್ಲೇ ಇತ್ತು.